ಜರ್ನಲಿಸಮ್ಮೋ, ತೋಟದ ಕೆಲಸವೋ, ವಕೀಲರ ಆಫೀಸೋ? ಕಮ್ಯುನಿಟಿ ಕಾಲೇಜಿನಲ್ಲಿ ಯಾವುದು ಸೇರಲಿ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಬಂದು ಎರಡೂವರೆ ವರ್ಷ ಆಯಿತು. ನಾನು ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿದ್ದೇನೆ. ನಮ್ಮ ಮನೆಯವರ ಐ-140, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಒಪ್ಪಿಗೆ ಆಗಿದೆ. ನನ್ನ ಇಎಡಿಗೆ, ಅಂದರೆ ಕೆಲಸ ಮಾಡುವ ಅನುಮತಿ ಪತ್ರಕ್ಕೆ, ಅರ್ಜಿ ಹಾಕಿ ಕಾಯುತ್ತಿದ್ದೇನೆ. ಮಗಳು ಈ ವರ್ಷ ಕಿಂಡರ್‌ಗಾರ್ಟನ್ ಸೇರಿದಳು. ಬೆಳಗ್ಗೆ ಅವಳನ್ನು ಬಿಟ್ಟು ಬಂದರೆ ಮಧ್ಯಾಹ್ನದ ತನಕ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸದ್ದು, ಅಷ್ಟೇ.

ಊರಿನಲ್ಲಿ ಬಿ.ಎ. ಮಾಡಿದ್ದೆ, ಪತ್ರಿಕೋದ್ಯಮ ಒಂದು ವಿಷಯ. ಮದುವೆಗೆ ಮುಂಚೆ ಎರಡು ವರ್ಷ ಒಂದು ಜಿಲ್ಲಾ ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ತಾಲ್ಲೂಕಿನಿಂದ ಬರುವ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಹೆಸರು ತಪ್ಪಾಗದ ಹಾಗೆ ನೋಡಿಕೊಳ್ಳುವುದು. ಈಗ ಇಲ್ಲಿಯ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಕೋರ್ಸ್ ಪಟ್ಟಿಯಲ್ಲಿ ಮೂರು ಕಡೆ ಬೆರಳಿಟ್ಟಿದ್ದೇನೆ. ಒಂದು ಜರ್ನಲಿಸಂ. ಮನಸ್ಸು ಇರುವುದು ಅಲ್ಲೇ. ಎರಡನೆಯದು ವಕೀಲರ ಆಫೀಸಿನ ಕೆಲಸ, ಲೀಗಲ್ ಅಸಿಸ್ಟೆಂಟ್, ಪ್ಯಾರಾಲೀಗಲ್ ಅಂತಾರಲ್ಲ, ಅದು. ನಮ್ಮಪ್ಪ ಹಾಸನದಲ್ಲಿ ಒಬ್ಬ ವಕೀಲರ ಹತ್ತಿರ ಮೂವತ್ತು ವರ್ಷ ಗುಮಾಸ್ತರಾಗಿದ್ದರು. ವಾಯಿದೆ ಡೈರಿ, ವಕಾಲತ್ತು, ಸ್ಟಾಂಪ್ ಪೇಪರು ಇವೆಲ್ಲ ನೋಡಿಯೇ ಬೆಳೆದವಳು ನಾನು. ಮೂರನೆಯದು ಕೇಳಿದರೆ ನಗಬೇಡಿ, ಲ್ಯಾಂಡ್‌ಸ್ಕೇಪಿಂಗ್. ಹಿತ್ತಲಿನ ಮಣ್ಣು ಮುಟ್ಟಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಬೇರೆ ಕಾರಣ ಇಲ್ಲ. ಅಂದ ಹಾಗೆ ನನ್ನ ಕರಿಬೇವು ಪ್ರತಿ ಚಳಿಗಾಲ ಒಣಗುತ್ತದೆ.

ಕೋಡಿಂಗ್ ಕಲಿ ಅಂತ ಮಾತ್ರ ಹೇಳಬೇಡಿ. ಒಮ್ಮೆ ಪ್ರಯತ್ನ ಮಾಡಿ ಆಗಿದೆ. ನಾಲ್ಕನೇ ವಾರಕ್ಕೆ ಲ್ಯಾಪ್‌ಟಾಪ್ ಕಂಡರೆ ತಲೆನೋವು ಶುರುವಾಗುತ್ತಿತ್ತು.

ಫ್ರೀಮಾಂಟ್ ಅಮ್ಮ

ಮೊದಲು ದುಡ್ಡಿನ ಲೆಕ್ಕ ಸರಿ ಮಾಡಿಕೊಳ್ಳಿ ಮೇಡಂ, ಕೋರ್ಸ್ ಆಮೇಲೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ, 46 ಡಾಲರ್. 2012ರಿಂದ ಅಷ್ಟೇ ಇದೆ. ಮೂರು ಯೂನಿಟ್‌ನ ಒಂದು ಕ್ಲಾಸ್ ಅಂದರೆ 138 ಡಾಲರ್. ಡಿ ಆಂಜಾ, ಫುಟ್‌ಹಿಲ್ ಎರಡೂ ಕ್ವಾರ್ಟರ್ (ಸೆಮಿಸ್ಟರ್‌ಗಿಂತ ಚಿಕ್ಕ ಟರ್ಮ್) ಲೆಕ್ಕದ ಕಾಲೇಜುಗಳು, ಅಲ್ಲಿ ಯೂನಿಟ್‌ಗೆ 31. ಹೆಲ್ತ್ ಫೀ, ಪಾರ್ಕಿಂಗ್, ಪುಸ್ತಕ ಬೇರೆ. 1984ರ ತನಕ ಈ ಫೀಸೂ ಇರಲಿಲ್ಲವಂತೆ, ಪೂರ್ತಿ ಉಚಿತ.

ಆದರೆ ನಿವಾಸಿ ಅಲ್ಲ ಅಂತ ಕಾಲೇಜಿನವರು ತೀರ್ಮಾನಿಸಿದರೆ ಕಥೆ ಬೇರೆ. ಹಲವು ಕಡೆ ಯೂನಿಟ್‌ಗೆ ಮುನ್ನೂರು ಡಾಲರ್ ದಾಟುತ್ತದೆ. ಎಚ್-4 ನವರು ಇಲ್ಲಿ ನಿವಾಸಿ ಆಗಬಹುದು, ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಆಗುವುದಿಲ್ಲ. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಇಲ್ಲಿ ಒಂದು ವರ್ಷ ಒಂದು ದಿನ ಆಗಿರಬೇಕು. ಇಲ್ಲೇ ಇರುತ್ತೇವೆ ಅನ್ನುವುದಕ್ಕೆ ಕಾಗದ ಬೇಕು. ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ರಿಟರ್ನ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ತರಹದ್ದು. ನನಗೆ ಅರ್ಜಿಯಲ್ಲಿ ವೀಸಾ ಬಾಕ್ಸ್ ತಪ್ಪು ಒತ್ತಿದ್ದಕ್ಕೆ ಎರಡು ಸಾವಿರದ ಬಿಲ್ ಬಂದಿತ್ತು. ಬಿಲ್ ನೋಡಿ ಕೈ ನಡುಗಿತು. ಕಾಗದ ಹಿಡಿದು ಅಡ್ಮಿಷನ್ಸ್ ಕೌಂಟರ್‌ಗೆ ಹೋದೆ, ಹತ್ತು ನಿಮಿಷದಲ್ಲಿ ಸರಿ ಮಾಡಿದರು.

ಓದುವುದಕ್ಕೆ ಇಎಡಿ ಬೇಡ. ಎಚ್-4 ನಲ್ಲಿ ಎಷ್ಟು ಕ್ಲಾಸ್ ಬೇಕಾದರೂ ತಗೊಳ್ಳಬಹುದು. ಸಂಬಳದ ಕೆಲಸಕ್ಕೆ ಮಾತ್ರ ಇಎಡಿ ಬೇಕು.

ಸಂಶಯ ಸೋಮ

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಜರ್ನಲಿಸಂ ಓದಿ ಮಾಡುವುದೇನು? ಓಕ್‌ಲ್ಯಾಂಡ್ ಟ್ರಿಬ್ಯೂನ್ ಅಂತಹ ಪತ್ರಿಕೆಯನ್ನೇ 2016ರಲ್ಲಿ ಇನ್ನೊಂದರ ಜೊತೆ ಸೇರಿಸಿ ಹೆಸರು ಅಳಿಸಿದರು. ವಕೀಲರ ಆಫೀಸಿನ ಟೈಪಿಂಗು, ಡ್ರಾಫ್ಟಿಂಗು ಎಲ್ಲ ಎಐ ಮಾಡುತ್ತದೆ. ಲ್ಯಾಂಡ್‌ಸ್ಕೇಪಿಂಗ್ ಅಂದರೆ ಎಲೆ ಊದುವ ಕೆಲಸ. ಅದಕ್ಕೆ ಕಾಲೇಜು ಯಾಕೆ?

ಗುದ್ದಲಿ ಗೌಡ

ಸೋಮ ಅವರೇ, ಎಲೆ ಊದುವ ಕೆಲಸವನ್ನು ಎರಡು ವರ್ಷ ಮಾಡಿದವನು ನಾನು. ಬಿಡುವಾದಾಗ ಬರೆಯುತ್ತೇನೆ. ಈಗ ಒಂದು ಮನೆಯ ಡ್ರಿಪ್ ಲೈನ್ ಒಡೆದಿದೆ ಅಂತ ಫೋನ್ ಬಂತು.

ಕಪ್ಪು ಕೋಟು

ಮೈಸೂರಿನಲ್ಲಿ ಆರು ವರ್ಷ ವಕೀಲಿಕೆ ಮಾಡಿ ಇಲ್ಲಿಗೆ ಬಂದವಳು. ಈಗ ಒಂದು ಸಣ್ಣ ಆಫೀಸಿನಲ್ಲಿ ಪ್ಯಾರಾಲೀಗಲ್. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಲೀಗಲ್ ಅಂತ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುವ ಹಾಗಿಲ್ಲ. ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್ 6450ರಲ್ಲಿ ಅರ್ಹತೆ ಬರೆದಿದೆ. ಎಬಿಎ, ಅಂದರೆ ಅಮೆರಿಕದ ವಕೀಲರ ಸಂಘ ಒಪ್ಪಿದ ಕೋರ್ಸಿನ ಸರ್ಟಿಫಿಕೇಟ್ ಇರಬೇಕು. ಇಲ್ಲವಾದರೆ ಮಾನ್ಯತೆ ಇರುವ ಕಾಲೇಜಿನ ಸರ್ಟಿಫಿಕೇಟ್, ಅದರಲ್ಲಿ ಕಾನೂನು ವಿಷಯದ ಕನಿಷ್ಠ 24 ಸೆಮಿಸ್ಟರ್ ಯೂನಿಟ್. ಇನ್ನೊಂದು ದಾರಿ ಇದೆ, ಹಾಸನದ ಹುಡುಗಿ ಗಮನಿಸಿ. ಯಾವುದೇ ವಿಷಯದ ಡಿಗ್ರಿ ಇದ್ದು, ವಕೀಲರ ಕೈಕೆಳಗೆ ಒಂದು ವರ್ಷ ಕಾನೂನಿಗೆ ಸಂಬಂಧಿಸಿದ ಕೆಲಸ ಮಾಡಿ, ಆ ವಕೀಲರು ಬರೆದುಕೊಟ್ಟರೂ ಆಗುತ್ತದೆ. ಆ ವಕೀಲರು ಕನಿಷ್ಠ ಮೂರು ವರ್ಷದಿಂದ ಇಲ್ಲಿಯ ಬಾರ್‌ನಲ್ಲಿ, ಅಂದರೆ ರಾಜ್ಯದ ವಕೀಲರ ಪಟ್ಟಿಯಲ್ಲಿ ಇರಬೇಕು. ಅಂದರೆ ನಿಮ್ಮ ಬಿ.ಎ. ವ್ಯರ್ಥ ಅಲ್ಲ. ಸರ್ಟಿಫಿಕೇಟ್ ಅರ್ಧ ಇರುವಾಗಲೇ ಲೀಗಲ್ ಅಸಿಸ್ಟೆಂಟ್ ಅಂತ ಒಳಗೆ ಹೋಗಬಹುದು. ಊರಿನ ಡಿಗ್ರಿಗೆ ಇಲ್ಲಿಯ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿಟ್ಟುಕೊಳ್ಳಿ. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಮುಚ್ಚಿದ ಲಕೋಟೆಯಲ್ಲಿ ಬರಬೇಕು ಅಂದರೆ ತಿಂಗಳುಗಟ್ಟಲೆ ಆಗುತ್ತದೆ. ಅಪ್ಪನಿಗೆ ಈಗಲೇ ಹೇಳಿ.

ಕೆಲಸ ಏನು ಅಂದರೆ, ಮುಕ್ಕಾಲು ಭಾಗ ತಾರೀಖು. ನಿಮ್ಮಪ್ಪನ ವಾಯಿದೆ ಡೈರಿಯೇ, ಕಂಪ್ಯೂಟರ್‌ನಲ್ಲಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಇಲ್ಲಿಯ ರಾಜ್ಯದ ಕೋರ್ಟಿನಲ್ಲಿ ದಾವೆಯ ನೋಟಿಸ್ ಕೈಗೆ ಕೊಟ್ಟ ಮೇಲೆ ಉತ್ತರ ಹಾಕಲು 30 ದಿನ. ಫೆಡರಲ್ ಕೋರ್ಟಿನಲ್ಲಿ 21. ಕೇಸ್ ನಡೆಯುವಾಗ ಎದುರು ಪಕ್ಷ ಕಾಗದವನ್ನು ರಾಜ್ಯದೊಳಗೆ ಅಂಚೆಯಲ್ಲಿ ಕಳಿಸಿದರೆ, ಅದಕ್ಕೆ ನಾವು ಉತ್ತರಿಸುವ ಗಡುವಿಗೆ ಐದು ದಿನ ಸೇರುತ್ತದೆ. ಬೇರೆ ರಾಜ್ಯದಿಂದ ಆದರೆ ಹತ್ತು, ಬೇರೆ ದೇಶದಿಂದ ಆದರೆ ಇಪ್ಪತ್ತು. ಕೊನೆಯ ದಿನ ರಜೆ ಇದ್ದರೆ ಮುಂದಿನ ಕೋರ್ಟ್ ದಿನಕ್ಕೆ ಹೋಗುತ್ತದೆ. ಇದನ್ನು ತಪ್ಪು ಎಣಿಸಿದರೆ ಕಕ್ಷಿದಾರನ ಕೇಸೇ ಹೋಗಬಹುದು. ಸೇರಿದ ಮೊದಲ ತಿಂಗಳು ರಾತ್ರಿ ಎದ್ದು ಕ್ಯಾಲೆಂಡರ್ ನೋಡುತ್ತಿದ್ದೆ.

ಆಮೇಲೆ ಫಾರಂಗಳು. ಇಲ್ಲಿಯ ಕೋರ್ಟುಗಳ ಆಡಳಿತ ನೋಡುವ ಜುಡಿಷಿಯಲ್ ಕೌನ್ಸಿಲ್ ನೂರಾರು ಫಾರಂ ಮಾಡಿಟ್ಟಿದೆ. ಸಮನ್ಸ್‌ಗೆ ಒಂದು, ಡೈವೋರ್ಸ್ ಅರ್ಜಿಗೆ ಒಂದು, ಸಮನ್ಸ್ ತಲುಪಿಸಿದೆ ಅನ್ನುವುದಕ್ಕೆ ಇನ್ನೊಂದು. ಕೋರ್ಟಿಗೆ ಹಾಕುವ ಕಾಗದದ ಎಡಗಡೆ ಸಾಲಿನ ನಂಬರ್ ಇರಬೇಕು. ಸಾಮಾನ್ಯವಾಗಿ ಪುಟಕ್ಕೆ 28 ಸಾಲು. ಕ್ಲಾಸಿನಲ್ಲಿ ಇದನ್ನೆಲ್ಲ ಕೈ ಹಿಡಿದು ಮಾಡಿಸುತ್ತಾರೆ. ಸಾರಟೋಗದ ವೆಸ್ಟ್ ವ್ಯಾಲಿಯಲ್ಲಿ ಪ್ಯಾರಾಲೀಗಲ್ ಕೋರ್ಸ್ ಇದೆ, ನಿಮಗೆ ಹತ್ತಿರ.

ಒಂದು ಎಚ್ಚರಿಕೆ. ಪ್ಯಾರಾಲೀಗಲ್ ಕಾನೂನಿನ ಸಲಹೆ ಕೊಡುವ ಹಾಗಿಲ್ಲ, ಕೋರ್ಟಿನಲ್ಲಿ ನಿಂತು ವಾದಿಸುವ ಹಾಗಿಲ್ಲ, ಫೀಸು ಗೊತ್ತು ಮಾಡುವ ಹಾಗಿಲ್ಲ. ಕೇಳಲು ಸುಲಭ. ನೀವು ಕೋರ್ಸ್ ಸೇರಿದ್ದು ಗೊತ್ತಾದ ಮರುದಿನದಿಂದ ದೇವಸ್ಥಾನದಲ್ಲಿ, ಬರ್ತ್‌ಡೇ ಪಾರ್ಟಿಯಲ್ಲಿ ಎಲ್ಲರೂ ಬರುತ್ತಾರೆ. "ನಮ್ಮ ಗ್ರೀನ್ ಕಾರ್ಡಿನ ಐ-485 ಫಾರಂ ಸ್ವಲ್ಪ ನೋಡಿಬಿಡಿ, ಸುಮ್ನೆ." ಆ ಸುಮ್ನೆ ಅನ್ನುವುದಕ್ಕೆ ಬಲಿಯಾಗಬೇಡಿ. ನಾನು ಈಗ ಪಾಯಸದ ಬಟ್ಟಲು ಹಿಡಿದು ಅಡುಗೆಮನೆಗೆ ಓಡುತ್ತೇನೆ.

ಸೋಮ ಅವರಿಗೆ: 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಬರೆದುಕೊಟ್ಟ, ಜಗತ್ತಿನಲ್ಲೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡರು. ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಪ್ರತಿ ತೀರ್ಪನ್ನೂ ತೆರೆದು ಓದಿ ಟಿಕ್ ಹಾಕುವ ಕೆಲಸ ನನ್ನದು. ಎಐ ಬಂದ ಮೇಲೆ ನನಗೆ ಕೆಲಸ ಜಾಸ್ತಿ ಆಗಿದೆ.

ಧಾರವಾಡದ ಪೇಡೆ

ಕಪ್ಪು ಕೋಟು ಅಕ್ಕ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ತಂಗಿ ಹುಬ್ಬಳ್ಳಿಯಲ್ಲಿ ವಕೀಲೆ, ಮದುವೆಯಾಗಿ ಅಲ್ಲಿಗೆ ಬರುತ್ತಾಳೆ. ಅವಳೂ ಪ್ಯಾರಾಲೀಗಲ್ ಮಾಡಬೇಕಾ?

ಕಪ್ಪು ಕೋಟು

ಅವಳು ಭಾರತದಲ್ಲಿ ಸನ್ನದು ಪಡೆದ ವಕೀಲೆ ಆಗಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಎಂ ಮಾಡದೆಯೇ ಬಾರ್ ಪರೀಕ್ಷೆಗೆ ಕೂರಬಹುದು. ಬರೀ ಎಲ್‌ಎಲ್‌ಬಿ ಆಗಿ ಸನ್ನದು ಇಲ್ಲದಿದ್ದರೆ ಇಲ್ಲಿ ಇನ್ನೂ ಓದಬೇಕು. ಹಾಗಾಗಿ ಬಾರ್ ಕೌನ್ಸಿಲ್ ದಾಖಲೆಗಳನ್ನು ಎಲ್ಲ ತರಲಿ. ಪರೀಕ್ಷೆ ಕಷ್ಟ ಇದೆ, ಸುಳ್ಳು ಹೇಳಲ್ಲ. ನಾನೇ ಒಮ್ಮೆ ಕೂತು ಫೇಲ್ ಆಗಿದ್ದೇನೆ. ಮತ್ತೆ ಕೂರುತ್ತೇನೆ.

ಇನ್ನೊಂದು ತಮಾಷೆ. ಅವಳಿಗೆ ನೋಟರಿ ಅಂದರೆ ಹತ್ತು ವರ್ಷ ಪ್ರಾಕ್ಟೀಸ್ ಮಾಡಿದ ಹಿರಿಯ ವಕೀಲರು ಅಂತ ಗೊತ್ತಿರುತ್ತದೆ. ಇಲ್ಲಿ ಆರು ಗಂಟೆಯ ಕ್ಲಾಸ್, ಒಂದು ಪರೀಕ್ಷೆ, ಬೆರಳಚ್ಚು ತಪಾಸಣೆ, ತಪ್ಪಾದರೆ ನಷ್ಟ ತುಂಬಿಕೊಡುವ ಒಂದು ಬಾಂಡ್. ನಮ್ಮ ಬೀದಿಯ ಪಾರ್ಸೆಲ್ ಅಂಗಡಿಯ ಹುಡುಗನೇ ನೋಟರಿ.

ಗುದ್ದಲಿ ಗೌಡ

ಡ್ರಿಪ್ ಸರಿಯಾಯಿತು. ಅಳಿಲು ಕಡಿದಿತ್ತು.

ನಾನು ಮೂಡಿಗೆರೆ ಕಡೆಯವನು. ಇಲ್ಲಿಗೆ ಬಂದಿದ್ದು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ. 2009ರಲ್ಲಿ ಕೆಲಸ ಹೋಯಿತು. ಆಗ ಗ್ರೀನ್ ಕಾರ್ಡ್ ಕೈಯಲ್ಲಿತ್ತು, ಅದಕ್ಕೇ ಬಚಾವಾದೆ. ಫುಟ್‌ಹಿಲ್‌ನಲ್ಲಿ ಹಾರ್ಟಿಕಲ್ಚರ್ ಕೋರ್ಸ್ ಇದೆ, ಓಕ್‌ಲ್ಯಾಂಡ್ ಬೆಟ್ಟದ ಮೇಲಿನ ಮೆರಿಟ್ ಕಾಲೇಜಿನಲ್ಲೂ ಇದೆ. ನಾನು ಸಂಜೆ ಕ್ಲಾಸಿಗೆ ಸೇರಿದೆ. ಕಾಫಿ ತೋಟದಲ್ಲಿ ಬೆಳೆದವನಿಗೆ ಇವರೇನು ಕಲಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ಗಿಡ ಗುರುತಿಸುವ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂತು. ಆ ನಾಲ್ಕರಲ್ಲಿ ಒಂದು ಕಣಗಿಲೆ, ಇನ್ನೊಂದು ನೀಲಗಿರಿ. ಕಣಗಿಲೆಯನ್ನು ಇಲ್ಲಿ ಹೈವೇ 99ರ ಮಧ್ಯೆ ಮೈಲಿಗಟ್ಟಲೆ ಹಾಕಿದ್ದಾರೆ, ನಾವು ದೇವರಿಗೆ ಕೊಯ್ಯುವುದನ್ನು. ನೀಲಗಿರಿ ನಮ್ಮ ಕೋಲಾರದ ಹಾಗೇ ಇಲ್ಲೂ ಆಸ್ಟ್ರೇಲಿಯಾದಿಂದ ಬಂದು ಕೂತಿದೆ, ಇಲ್ಲೂ ಜನ ಬೈಯುತ್ತಾರೆ.

ನಿಜವಾಗಿ ಕಲಿತದ್ದು ನೀರಿನ ಲೆಕ್ಕ. ಮಲೆನಾಡಿನವನಿಗೆ ನೀರು ಲೆಕ್ಕ ಹಾಕುವ ಬುದ್ಧಿ ಎಲ್ಲಿಂದ ಬರಬೇಕು! ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಗಿಡಕ್ಕೆ ನೀರು ಬೇಕಾದ ಬೇಸಿಗೆಯಲ್ಲಿ ಒಂದು ಹನಿ ಇಲ್ಲ. 2015ರ ಬರಗಾಲದಲ್ಲಿ ಗವರ್ನರ್ ಜೆರ್ರಿ ಬ್ರೌನ್ ಪಟ್ಟಣಗಳಲ್ಲಿ ನೀರಿನ ಬಳಕೆ ನೂರಕ್ಕೆ 25 ಕಡಿಮೆ ಮಾಡಲೇಬೇಕು ಅಂದರು. ಅವತ್ತಿನಿಂದ ನನ್ನ ಧಂದೆ ಶುರುವಾಯಿತು ಅಂದರೂ ತಪ್ಪಿಲ್ಲ. ಜನ ಹುಲ್ಲುಹಾಸು ಕಿತ್ತು ಹಾಕಿಸಲು ಸಾಲು ನಿಂತರು. ಹುಲ್ಲು ಕಿತ್ತರೆ ವ್ಯಾಲಿ ವಾಟರ್‌ನವರು, ಅಂದರೆ ಇಲ್ಲಿಯ ನೀರಿನ ಇಲಾಖೆಯವರು, ದುಡ್ಡು ವಾಪಸ್ ಕೊಡುತ್ತಾರೆ. ಆದರೆ ಕೀಳುವ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ತಗೊಳ್ಳಬೇಕು. ಕಿತ್ತ ಮೇಲೆ ಬಂದು ಅಳುವವರು ಇವತ್ತಿಗೂ ಇದ್ದಾರೆ. ಹುಲ್ಲಿನ ಜಾಗಕ್ಕೆ ಮಾಂಜನೀಟ, ಟೊಯಾನ್, ಸಿಯಾನೋಥಸ್ ತರಹದ ಇಲ್ಲಿಯದೇ ಗಿಡ ಹಾಕಬೇಕು. ಮೊದಲ ಎರಡು ಬೇಸಿಗೆ ನೀರು ಕೊಡಬೇಕು, ಆಮೇಲೆ ಜಾಸ್ತಿ ಕೊಟ್ಟರೆ ಬೇರು ಕೊಳೆತು ಸಾಯುತ್ತವೆ. ಪ್ರೀತಿ ಜಾಸ್ತಿಯಾಗಿ ಗಿಡ ಕೊಂದ ಗಿರಾಕಿಗಳೇ ನನಗೆ ಹೆಚ್ಚು.

ಹಾಸನದ ಹುಡುಗಿಗೆ ಮುಖ್ಯವಾದದ್ದು ಈಗ. ಸರ್ಟಿಫಿಕೇಟ್ ಬಂದ ತಕ್ಷಣ ಬೋರ್ಡ್ ಹಾಕಲು ಆಗಲ್ಲ ಅಮ್ಮ. ಕೂಲಿ, ಸಾಮಾನು ಎಲ್ಲ ಸೇರಿ ಕೆಲಸ 1,000 ಡಾಲರ್ ಮುಟ್ಟಿದರೆ ಸಿ-27 ಅನ್ನುವ ಕಾಂಟ್ರಾಕ್ಟರ್ ಲೈಸೆನ್ಸ್ ಬೇಕು. 2025ಕ್ಕೆ ಮುಂಚೆ ಈ ಮಿತಿ 500 ಇತ್ತು. ಒಬ್ಬ ಆಳನ್ನು ಇಟ್ಟುಕೊಂಡರೂ ಆ ವಿನಾಯಿತಿ ಹೋಯಿತು. ಲೈಸೆನ್ಸ್‌ಗೆ ಹಿಂದಿನ ಹತ್ತು ವರ್ಷದಲ್ಲಿ ನಾಲ್ಕು ವರ್ಷದ ಅನುಭವ ತೋರಿಸಬೇಕು. ಓದಿದ್ದಕ್ಕೆ ಅದರಲ್ಲಿ ಒಂದಷ್ಟು ಕಳೆಯುತ್ತಾರೆ. ಆದರೆ ಕನಿಷ್ಠ ಒಂದು ವರ್ಷ ಕೈಗೆ ಮಣ್ಣು ಹತ್ತಿರಲೇಬೇಕು. ಎರಡು ಪರೀಕ್ಷೆ, ಒಂದು ಕೆಲಸದ ಮೇಲೆ, ಇನ್ನೊಂದು ಕಾನೂನು ಮತ್ತು ವ್ಯವಹಾರದ ಮೇಲೆ. ಜೊತೆಗೆ 25,000 ಡಾಲರ್ ಬಾಂಡ್. ಅಷ್ಟೂ ಕಟ್ಟಬೇಕಾಗಿಲ್ಲ, ವರ್ಷಕ್ಕೆ ಪ್ರೀಮಿಯಂ ಕಟ್ಟುವುದು. ದುಡ್ಡು ತಗೊಂಡು ಇನ್ನೊಬ್ಬರ ಹಿತ್ತಲಲ್ಲಿ ಕಳೆನಾಶಕ ಹೊಡೆಯಲು ಕೂಡ ಬೇರೆ ಲೈಸೆನ್ಸ್ ಇದೆ. ಅಂಗಡಿಯಲ್ಲಿ ಸಿಗುವ ಬಾಟಲಿಯೇ ಆದರೂ ಸರಿ. ಇದು ನಮ್ಮವರಿಗೆ ಯಾರಿಗೂ ಗೊತ್ತಿಲ್ಲ.

ಸೋಮ ಅವರೇ, ಎಲೆ ಊದುವ ಪೆಟ್ರೋಲ್ ಮೆಷಿನ್‌ನ ಹೊಸ ಮಾರಾಟವೇ ಇಲ್ಲಿ 2024ರಿಂದ ಕೊನೆಗಾಣುತ್ತಾ ಬಂದಿದೆ. ಈಗ ಬ್ಯಾಟರಿಯದ್ದು. ಅದನ್ನು ಬೆನ್ನಿಗೆ ಹಾಕಿಕೊಂಡು ಒಂದು ಮಧ್ಯಾಹ್ನ ನನ್ನ ಜೊತೆ ಬನ್ನಿ, ಊಟ ನಾನೇ ಕೊಡಿಸುತ್ತೇನೆ.

ಕೆಲಸದ ಜಾಗದಲ್ಲಿ ಸ್ಪ್ಯಾನಿಷ್ ಬೇಕೇ ಬೇಕು. ನನಗೆ ಕೊಂಬೆ ಸವರುವುದು ಕಲಿಸಿದ್ದು ಪ್ರೊಫೆಸರ್ ಅಲ್ಲ, ಮೆಕ್ಸಿಕೋದ ಮಿಚೊವಕಾನ್‌ನಿಂದ ಬಂದ ಒಬ್ಬ ಹಿರಿಯರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಕೊಂಬೆ ತೋರಿಸಿ ತಲೆ ಅಲ್ಲಾಡಿಸುತ್ತಿದ್ದರು. ಹೌದು, ಅಲ್ಲ, ಎರಡೇ ಪಾಠ.

ಕರಿಬೇವು: ಕುಂಡದಲ್ಲಿ ಇಡಿ. ರಾತ್ರಿ ಚಳಿ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲು ಶುರುವಾದರೆ ಒಳಗೆ ತನ್ನಿ. ಎಲೆ ಉದುರಿದರೆ ಹೆದರಬೇಡಿ, ನೀರು ಕಡಿಮೆ ಮಾಡಿ. ಮತ್ತೆ ಅದನ್ನು ಊರೂರಿನ ಸ್ನೇಹಿತರಿಗೆ ಹಂಚಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಸಣ್ಣ ಜಿಗಿಹುಳು ಕರಿಬೇವಿನ ಮೇಲೂ ಕೂರುತ್ತದೆ. 2008ರಲ್ಲಿ ಈ ರಾಜ್ಯದಲ್ಲಿ ಮೊದಲು ಸಿಕ್ಕಿತು. ಕ್ವಾರಂಟೈನ್ ಇರುವ ಪ್ರದೇಶದಿಂದ ಗಿಡ ಹೊರಗೆ ಒಯ್ಯುವ ಹಾಗಿಲ್ಲ.

ಹಾಸನದ ಹುಡುಗಿ

ಗೌಡ ಅಂಕಲ್, ಕರಿಬೇವಿಗೆ ಇಷ್ಟು ಕಾನೂನು ಇದೆ ಅಂತ ಗೊತ್ತಿರಲಿಲ್ಲ. ಹೋದ ತಿಂಗಳು ತಾನೇ ಸ್ಯಾಕ್ರಮೆಂಟೊದ ಗೆಳತಿಗೆ ಒಂದು ಸಸಿ ಕೊಡುವವಳಿದ್ದೆ. ಒಣಗಿದ್ದೇ ಒಳ್ಳೆಯದಾಯಿತು.

ನಾಲ್ಕು ವರ್ಷ ಅಂದಾಗ ಸ್ವಲ್ಪ ಎದೆ ಧಸಕ್ ಎಂದಿತು. ಇಎಡಿ ಮೇಲೆ ನಿಂತ ಜೀವನದಲ್ಲಿ ನಾಲ್ಕು ವರ್ಷದ ಲೆಕ್ಕ ಹೇಗೆ ಹಾಕಲಿ? ಜರ್ನಲಿಸಂ ಬಗ್ಗೆ ಯಾರೂ ಮಾತಾಡಲಿಲ್ಲ. ಸೋಮ ಅವರು ಹೇಳಿದ್ದೇ ಕೊನೆ ಮಾತಾ?

ಮಿಲ್ಪಿಟಾಸಿನ ಸೊಸೆ

ಯಾವುದೇ ಸೇರಿ, ಖಾಸಗಿ ಸಂಸ್ಥೆಗೆ ಮಾತ್ರ ಹೋಗಬೇಡಿ. "ಹನ್ನೆರಡು ವಾರದಲ್ಲಿ ಪ್ಯಾರಾಲೀಗಲ್" ಅಂತ ಜಾಹೀರಾತು ನೋಡಿ ನಾನು ಒಂದು ಕಡೆ ಆರು ಸಾವಿರ ಡಾಲರ್ ಕಟ್ಟಿದೆ. ಆ ಸರ್ಟಿಫಿಕೇಟಿನಲ್ಲಿ ಮೇಲೆ ಅಕ್ಕ ಹೇಳಿದ 24 ಯೂನಿಟ್ ಇರಲೇ ಇಲ್ಲ. ಕೆಲಸಕ್ಕೆ ಅರ್ಜಿ ಹಾಕಿದಾಗ ಗೊತ್ತಾಯಿತು. ಮಾವನವರಿಗೆ ಇವತ್ತಿಗೂ ಹೇಳಿಲ್ಲ.

ಬೈಲೈನ್ ಬೇಕು

ಬಂದೆ ಬಂದೆ. ಎರಡು ಸೆಮಿಸ್ಟರ್ ಕಾಲೇಜು ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು. ಸೋಮ ಅವರು ಹೇಳಿದ್ದು ಅರ್ಧ ನಿಜ. ಟ್ರಿಬ್ಯೂನ್ ಹೋಯಿತು, ಸರಿ. ಆದರೆ ಅದೇ ಓಕ್‌ಲ್ಯಾಂಡಿನಲ್ಲಿ 2020ರಲ್ಲಿ ಓಕ್‌ಲ್ಯಾಂಡ್‌ಸೈಡ್ ಅನ್ನುವ ಸುದ್ದಿತಾಣ ಶುರುವಾಯಿತು, ಅದಕ್ಕೆ ಮುಂಚೆ ಸ್ಯಾನ್ ಹೊಸೆಯಲ್ಲಿ ಸ್ಪಾಟ್‌ಲೈಟ್. ಎರಡೂ ಲಾಭಕ್ಕಲ್ಲದ ಸಂಸ್ಥೆಗಳು, ಓದುಗರು ಮತ್ತು ದಾನಿಗಳ ದುಡ್ಡಿನಲ್ಲಿ ನಡೆಯುತ್ತವೆ. ಕೆಲಸ ಕಡಿಮೆ ಇದೆ, ಪೂರ್ತಿ ಇಲ್ಲ ಅಂತಲ್ಲ. ಸಂಬಳ ನೋಡಿ ಈ ಊರಿನ ಬಾಡಿಗೆ ಕಟ್ಟಲು ಆಗಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಾಲೇಜಿನಲ್ಲಿ ಪತ್ರಿಕೆಯೇ ಕ್ಲಾಸು. ಡಿ ಆಂಜಾದಲ್ಲಿ ಲಾ ವೋಸ್ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜಿನಲ್ಲಿ ಗಾರ್ಡ್ಸ್‌ಮನ್. ಸೇರಿದ ವಾರವೇ ವರದಿಗೆ ಕಳಿಸುತ್ತಾರೆ. ಇಲ್ಲಿಯ ಕಾನೂನಿನ ಪ್ರಕಾರ ಕಾಲೇಜಿನ ಆಡಳಿತದವರು ವಿದ್ಯಾರ್ಥಿ ಪತ್ರಿಕೆಯನ್ನು ಮುಂಚೆಯೇ ಓದಿ, ಇದು ಬೇಡ ಅಂತ ತಡೆಯುವ ಹಾಗಿಲ್ಲ. ಊರಿನ ಕಾಲೇಜು ಮ್ಯಾಗಜೀನಿನಲ್ಲಿ ಪ್ರಿನ್ಸಿಪಾಲರ ಫೋಟೋ ಎಷ್ಟು ದೊಡ್ಡದು ಅನ್ನುವುದಕ್ಕೆ ಜಗಳ ಆಡಿದವನಿಗೆ ಇದು ನಂಬಲು ಆಗಲಿಲ್ಲ.

ನನಗೆ ತುಂಬಾ ಉಪಯೋಗ ಆಗಿದ್ದು ಎರಡು ಕಾನೂನು. ಒಂದು 1953ರ ಬ್ರೌನ್ ಆಕ್ಟ್. ನಗರಸಭೆ, ಶಾಲಾ ಮಂಡಳಿ ಇಂತಹವು ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಲೇಬೇಕು, ಯಾರು ಬೇಕಾದರೂ ಹೋಗಿ ಕೂರಬಹುದು, ಎದ್ದು ಮಾತಾಡಬಹುದು. ಇನ್ನೊಂದು 1968ರ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್, ನಮ್ಮ ಆರ್‌ಟಿಐ ಇದ್ದ ಹಾಗೆ. ಆರ್‌ಟಿಐಗಿಂತ 37 ವರ್ಷ ಹಳೆಯದು. ಡೆಸ್ಕ್‌ನಲ್ಲಿ ಕೆಲಸ ಮಾಡಿದವರಿಗೆ ಕಷ್ಟ ಆಗುವುದು ಭಾಷೆಯಲ್ಲ, ಹೊರಗೆ ಹೋಗಿ ಅಪರಿಚಿತರನ್ನು ಮಾತಾಡಿಸುವುದು. ಮೊದಲ ದಿನ ಕ್ಯಾಂಟೀನಿನಲ್ಲಿ ಮೂರು ಜನರನ್ನು ಮಾತಾಡಿಸಿ ಬಾ ಅಂದರು. ನಾನು ಇಪ್ಪತ್ತು ನಿಮಿಷ ನೀರಿನ ನಲ್ಲಿಯ ಹತ್ತಿರ ನಿಂತಿದ್ದೆ.

ಸಂಪಾದಕರಿಗೆ ಕೆಲವು ಕಡೆ ಸಣ್ಣ ಸ್ಟೈಪೆಂಡ್ ಇರುತ್ತದೆ. ಇಎಡಿ ಬರುವ ತನಕ ಅದನ್ನು ಮುಟ್ಟಬೇಡಿ. ಕ್ರೆಡಿಟ್‌ಗೆ ಬರೆಯುವುದು ಓದಿನ ಭಾಗ, ಅದು ಬೇರೆ.

ಸಂಶಯ ಸೋಮ

ನೀವು ಮೂವರೂ ನಿಮ್ಮ ಅಂಗಡಿ ಚೆನ್ನಾಗಿದೆ ಅಂತಲೇ ಹೇಳುತ್ತೀರಿ. ನಾನು ಇದ್ದರೆ ಸಂಬಳ ಯಾವುದರಲ್ಲಿ ಬೇಗ ಬರುತ್ತದೆ ಅಂತ ಮಾತ್ರ ನೋಡುತ್ತಿದ್ದೆ.

ಕಪ್ಪು ಕೋಟು

ಹಾಗೆ ನೋಡಿದರೆ ಇವರಿಗೆ ವಕೀಲರ ಆಫೀಸು, ನನಗೆ ಅನುಮಾನ ಇಲ್ಲ. ಡಿಗ್ರಿ ಇದೆ, ತಿದ್ದುವ ಕಣ್ಣಿದೆ, ತಾರೀಖಿನ ಭಯ ಅಪ್ಪನಿಂದ ಬಂದಿದೆ. ಆದರೆ 46 ಡಾಲರ್‌ನ ಯೂನಿಟ್‌ಗೆ ಜೀವನದ ತೀರ್ಮಾನ ಮಾಡಬೇಕಾಗಿಲ್ಲ. ಎರಡು ಕ್ಲಾಸ್ ತಗೊಳ್ಳಿ. ಟರ್ಮ್ ಶುರುವಾದ ಮೇಲೂ ಕೆಲವು ದಿನದ ಒಳಗೆ ಬಿಟ್ಟರೆ ಫೀಸು ವಾಪಸ್ ಬರುತ್ತದೆ. ಆ ಕೊನೆಯ ದಿನ ಯಾವುದು ಅಂತ ಮಾತ್ರ ಡೈರಿಯಲ್ಲಿ ಬರೆದಿಡಿ.

ಹಾಸನದ ಹುಡುಗಿ

ಏಳು ವಾರ ಆದ ಮೇಲೆ ಬಂದು ಬರೆಯುತ್ತಿದ್ದೇನೆ. ಕಾನೂನು ಪರಿಚಯದ ಒಂದು ಕ್ಲಾಸ್ ಸಂಜೆ, ಪತ್ರಿಕೆಯ ಕ್ಲಾಸ್ ಬೆಳಗ್ಗೆ. ನಿವಾಸಿ ಫೀಸೇ ಹಾಕಿದರು. ಫ್ರೀಮಾಂಟ್ ಅಮ್ಮ ಹೇಳಿದ ಕಾಗದಗಳನ್ನು ಫೈಲ್ ಮಾಡಿಕೊಂಡು ಹೋಗಿದ್ದೆ. ಪಾರ್ಕಿಂಗ್ ಪರ್ಮಿಟ್ ಬಗ್ಗೆ ಮಾತ್ರ ಯಾರೂ ಜೋರಾಗಿ ಹೇಳಲಿಲ್ಲ, ಮೊದಲ ವಾರವೇ ದಂಡ ಕಟ್ಟಿದೆ.

ಅಂಚೆಯಲ್ಲಿ ಬಂದರೆ ಐದು ದಿನ ಸೇರುತ್ತದೆ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಇಲ್ಲಿ ಅಂಚೆಯವನೇ ಐದು ದಿನ ಸೇರಿಸುತ್ತಾನೆ, ಕಾನೂನು ಬೇಕಾಗಿಲ್ಲ" ಅಂದರು. ಆಮೇಲೆ ದಿನ ಎಣಿಸುವಾಗ ಮೊದಲ ದಿನವನ್ನು ಬಿಡಬೇಕಾ ಸೇರಿಸಬೇಕಾ ಅಂತ ನನಗೇ ಪರೀಕ್ಷೆ ಮಾಡಿದರು. ಬಿಡಬೇಕು. ಎರಡೂ ದೇಶದಲ್ಲಿ ಅದೇ. ಅವತ್ತು ನಲವತ್ತು ನಿಮಿಷ ಮಾತಾಡಿದರು. ಸಾಮಾನ್ಯವಾಗಿ "ಊಟ ಆಯ್ತಾ, ಸರಿ, ಅಮ್ಮನಿಗೆ ಕೊಡ್ತೀನಿ" ಅಷ್ಟೇ.

ಪತ್ರಿಕೆಯ ಕಡೆಯಿಂದ ಒಂದು ನಗರಸಭೆಯ ಸಭೆಗೆ ಹೋದೆ. ಮೂರು ಗಂಟೆ ನಡೆಯಿತು. ಅದರಲ್ಲಿ ಮುಕ್ಕಾಲು ಗಂಟೆ ಒಂದು ರೆಡ್‌ವುಡ್ ಮರದ ಮೇಲೆ. ಮರ ಇರುವ ಮನೆಯವರು ಬೇರು ತಳಪಾಯ ಎತ್ತುತ್ತಿದೆ ಅಂತಾರೆ, ಪಕ್ಕದ ಬೀದಿಯವರು ಕಡಿಯಬೇಡಿ ಅಂತಾರೆ. ನಾನು ಒಂಬೈನೂರು ಪದ ಬರೆದುಕೊಂಡು ಹೋದೆ. ಮೊದಲ ಸಾಲು, ನಗರಸಭೆ ಮಂಗಳವಾರ ಸಂಜೆ ಸಭೆ ನಡೆಸಿತು ಅಂತ. ಪ್ರೊಫೆಸರ್ ಪೆನ್ ತಗೊಂಡು ಅದನ್ನು ಹೊಡೆದು ಹಾಕಿದರು. ಸಭೆ ನಡೆಸುವುದು ಅವರ ಕೆಲಸ, ಅದು ಸುದ್ದಿಯಲ್ಲ, ಏನಾಯಿತು ಅದನ್ನು ಬರಿ ಅಂದರು. ಡೆಸ್ಕ್‌ನಲ್ಲಿದ್ದಾಗ ಅಂತಹ ಎಷ್ಟು ಸಾಲು ತಿದ್ದದೆ ಹಾಗೇ ಬಿಟ್ಟಿದ್ದೆನೋ. ಕೊನೆಗೆ ಮುನ್ನೂರೈವತ್ತು ಪದಕ್ಕೆ ಇಳಿಯಿತು. ಬೈಲೈನ್, ಅಂದರೆ ವರದಿಯ ಜೊತೆ ನನ್ನ ಹೆಸರು, ಬಂತು. ಊರಿನಲ್ಲಿ ಎರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಇಎಡಿ ಇನ್ನೂ ಬಂದಿಲ್ಲ.

ಗುದ್ದಲಿ ಗೌಡ

ರೆಡ್‌ವುಡ್ ಬೇರು ಆಳಕ್ಕೆ ಹೋಗಲ್ಲ, ಅಗಲಕ್ಕೆ ಹರಡುತ್ತದೆ. ಹಾಗಾಗಿ ಮನೆಯವರು ಹೇಳುವುದರಲ್ಲೂ ಸ್ವಲ್ಪ ನಿಜ ಇರಬಹುದು. ಪ್ರಮಾಣಪತ್ರ ಇರುವ ಮರ ತಜ್ಞರು ನೋಡಿದ್ದಾರಾ, ವರದಿ ಕೊಟ್ಟಿದ್ದಾರಾ ಕೇಳಿ. ಅದು ದಾಖಲೆಯಲ್ಲಿ ಇರಬೇಕು. ಕೊನೆಗೆ ಏನಾಯಿತು, ಕಡಿಯುತ್ತಾರಾ?

ಬೈಲೈನ್ ಬೇಕು

ಅದೇ ನೋಡಿ, ಅಂಕಲ್ ಹೇಳಿದ ವರದಿಯನ್ನು ಪಬ್ಲಿಕ್ ರೆಕಾರ್ಡ್ಸ್ ಅಡಿಯಲ್ಲಿ ಕೇಳಿ. ಅದಕ್ಕಿಂತ ಮೊದಲು ಅಜೆಂಡಾ ಪ್ಯಾಕೆಟ್, ಅಂದರೆ ಅಜೆಂಡಾ ಜೊತೆ ಹಾಕುವ ಕಾಗದಗಳ ಕಟ್ಟಿನ ಕೊನೆಯಲ್ಲಿ ಹುಡುಕಿ. ಎಷ್ಟೋ ಸಲ ಅಲ್ಲೇ ಸೇರಿಸಿರುತ್ತಾರೆ, ಯಾರೂ ಓದಿರುವುದಿಲ್ಲ.

ಹಾಸನದ ಹುಡುಗಿ

ಇತ್ತು! ಪುಟ 212. ಈಗ ಓದುತ್ತಿದ್ದೇನೆ. ಅಂಕಲ್, ತೀರ್ಮಾನ ಮುಂದೂಡಿದ್ದಾರೆ, ಬರುವ ಮಂಗಳವಾರಕ್ಕೆ. ಕಾನೂನು ಕ್ಲಾಸಿನ ಕ್ವಿಜ್ ಅವತ್ತೇ ಐದೂವರೆಗೆ, ಸಭೆ ಏಳಕ್ಕೆ. ನಮ್ಮ ಮನೆಯವರು ಅವತ್ತು ಆಸ್ಟಿನ್‌ನಲ್ಲಿ ಇರುತ್ತಾರೆ. ಮಗಳನ್ನು ಎಲ್ಲಿ ಬಿಡುವುದು ಅಂತ ಯೋಚನೆ.

ಫ್ರೀಮಾಂಟ್ ಅಮ್ಮ

ಮಂಗಳವಾರ ನನಗೆ ಕೆಲಸ ಇಲ್ಲ. ಐದು ಗಂಟೆಗೆ ನಾನೇ ಬರುತ್ತೇನೆ. ಅವಳಿಗೆ ಖಾರ ಆಗುತ್ತದಾ ಇಲ್ಲವಾ, ಅದನ್ನು ಹೇಳಿ.